ಗೋಲಿನ ಹಿಂದೆ ಕೂತವರು

ವೆಲ್ಡರ್ ಕಾಕಾನ ಎಡ ಮುಂಗೈ ತುಂಬ ಸಾಸಿವೆ ಕಾಳಿನಷ್ಟು ಸಣ್ಣ ಸುಟ್ಟ ಕಲೆಗಳಿದ್ದವು. ಗಿಣಿಗೇರಾದ ಕಾರ್ಖಾನೆಯೊಂದರಲ್ಲಿ ವರ್ಷಗಟ್ಟಲೆ ಬೆಸುಗೆ ಹಾಕುವಾಗ ಕಿಡಿ ಸಿಡಿದು ಆದ ಕಲೆಗಳು. ನಮ್ಮ ಎದುರು ಮನೆಯಲ್ಲಿ ಒಬ್ಬರೇ ಇದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅವರನ್ನು ಓಣಿಯಲ್ಲಿ ಯಾರೂ ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ.

ನಮ್ಮ ಶಾಲೆಯ ಪಿ.ಟಿ. ಸರ್ ಹುಡುಗಿಯರಿಗೆ ಫುಟ್‌ಬಾಲ್ ಕಲಿಸಲು ಮನಸ್ಸು ಮಾಡಿದಾಗ ಮೈದಾನದಲ್ಲಿ ಗೋಲ್ ಕಂಬಗಳೇ ಇರಲಿಲ್ಲ. ಕಾಕಾ ತಾವೇ ಮಾಡಿಕೊಡುತ್ತೇನೆಂದರು. ಇಪ್ಪತ್ನಾಲ್ಕು ಅಡಿ ಅಗಲವಿರಬೇಕೆಂದು ಸರ್ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಕಾಕಾ ಇಪ್ಪತ್ತು ಅಡಿಯ ಪೈಪಿಗೆ ಆರಡಿಯ ತುಂಡೊಂದನ್ನು ಬೆಸೆದು, ಹಾಗೆಯೇ ನಿಲ್ಲಿಸಿಬಿಟ್ಟರು.

“ಎರಡಡಿ ಹೆಚ್ಚಾತಲ್ರಿ ಕಾಕಾ,” ಎಂದರು ಸರ್.

“ಛಲೋ ಪೈಪ್ ಕಡದು ಒಗಿಯೋದೇನ್ರಿ ಸರ್? ಇರ್ಲಿ ಬಿಡ್ರಿ. ಹುಡುಗ್ಯಾರಿಗೆ ನಾಕು ಗೋಲ್ ಹೆಚ್ಚ ಬೀಳ್ತಾವ.”

ಬೀಳುವ ಗೋಲುಗಳನ್ನು ತಡೆಯಬೇಕಾದವಳು ನಾನು ಎಂಬುದು ಅವರ ತಲೆಗೆ ಹೊಳೆದೇ ಇರಲಿಲ್ಲ. ಮೊದಲ ವಾರ ದಿನಾಲೂ ಅಳುತ್ತ ಮನೆಗೆ ಬಂದೆ. ಕಾಕಾನಿಗೆ ತಮ್ಮ ತಪ್ಪು ತಿಳಿಯುವ ಹೊತ್ತಿಗೆ ಕಂಬಗಳು ಕಾಂಕ್ರೀಟಿನಲ್ಲಿ ಗಟ್ಟಿಯಾಗಿ ಕೂತಿದ್ದವು. ಅಂದಿನಿಂದ ಕಾಕಾ ಡ್ಯೂಟಿ ಮುಗಿಸಿ ನೇರ ಮೈದಾನಕ್ಕೆ ಬಂದು, ಊಟದ ಡಬ್ಬಿ ಪಕ್ಕಕ್ಕಿಟ್ಟು, ನನ್ನ ಗೋಲಿನ ಹಿಂದೆ ಕೂರತೊಡಗಿದರು. ಆಟದ ತಲೆಬುಡ ಅವರಿಗೆ ತಿಳಿಯುತ್ತಿರಲಿಲ್ಲ. ಇಲ್ಲೇ ಯಾಕೆ ಕೂರುತ್ತೀರಿ ಎಂದು ಒಮ್ಮೆ ಕೇಳಿದೆ.

“ಅವ್ರು ಹತ್ತು ಮಂದಿ ಕೂಡಿ ಓಡ್ತಾರ. ನೀ ಇಲ್ಲಿ ಒಬ್ಬಾಕಿ ನಿಂತಿರ್ತಿ. ಒಬ್ರ ಇರೋದು ಹೆಂಗಂತ ನಂಗೊತ್ತೈತಿ.”

ನಾನು ಚೆಂಡಿನ ಆಸೆಗೆ ಎರಡು ಹೆಜ್ಜೆ ಮುಂದೆ ಹೋದರೆ ಸಾಕು, ಹಿಂದಿನಿಂದ ಕೂಗು ಬರುತ್ತಿತ್ತು: “ಬಾಗಲಾ ತೆರದಿಟ್ಟು ಎಲ್ಲಿ ಹೊಂಟಿಯವ್ವಾ?” ಮುಂದೆ ಬಾ ಎಂದು ಸರ್, ಹಿಂದೆ ನಿಲ್ಲು ಎಂದು ಕಾಕಾ. ಇಬ್ಬರ ಜಗಳದ ನಡುವೆ ನಾನು ಗೋಲ್‌ಕೀಪರ್ ಆದೆ.

ಕೆಲವು ವರ್ಷಗಳ ಮೇಲೆ, ದೇಶದ ಮಹಿಳಾ ಫುಟ್‌ಬಾಲಿನ ಮೇಲಿನ ದರ್ಜೆಯ ಲೀಗಿನಲ್ಲಿ ಆಡುವ ತಂಡವೊಂದು ನನ್ನನ್ನು ಆರಿಸಿಕೊಂಡಿತು. ಅಳತೆಗೆ ಸರಿಯಾದ ಗೋಲಿನಲ್ಲಿ ನಿಂತ ಮೊದಲ ದಿನ ಅದು ನನಗೆ ಕಿರಿದಾಗಿ ಕಂಡು ನಗು ಬಂತು. ನಗುವನ್ನು ಹಂಚಿಕೊಳ್ಳಲು ಮಾತ್ರ ಯಾರೂ ಇರಲಿಲ್ಲ. ತಂಡದಲ್ಲಿ ಮಣಿಪುರದವರಿದ್ದರು, ಕೇರಳದವರಿದ್ದರು, ಹರಿಯಾಣದವರಿದ್ದರು. ಕನ್ನಡ ಬಲ್ಲವಳು ನಾನೊಬ್ಬಳೇ. ಊಟದ ಮೇಜಿನಲ್ಲಿ ಎಲ್ಲರೂ ನಕ್ಕ ಮೇಲೆ ನಾನೂ ನಗುತ್ತಿದ್ದೆ. ಪಂದ್ಯದ ದಿನ ಕುರ್ಚಿಗಳು ಸಾಲುಸಾಲು ಖಾಲಿ. ಗೋಲಿನ ಹಿಂದೆ ತಿರುಗಿ ನೋಡಿದರೆ ಬರೀ ಜಾಹೀರಾತಿನ ಹಲಗೆ.

ಪಂದ್ಯ ಮುಗಿದ ಕೂಡಲೇ ಕಾಕಾನ ಫೋನ್ ಬರುತ್ತಿತ್ತು. ಮೊಬೈಲಿನಲ್ಲಿ ಒಂದೂ ಪಂದ್ಯ ಬಿಡದೆ ನೋಡುತ್ತಿದ್ದರು.

“ಗೆದ್ರಿ, ಛಲೋ ಆತು. ಆದ್ರ ನೀ ಕಾಣ್ಲೇ ಇಲ್ಲಲ್ಲವ್ವಾ? ಆ ಕ್ಯಾಮರಾದಾಂವ ಬರೇ ಬಾಲಿನ ಹಿಂದ ಓಡ್ತಾನ.”

“ಬಾಲ್ ನನ್ನ ಕಡಿ ಬಂದ್ರ ಕಾಣ್ತೀನಿ ಕಾಕಾ.”

“ಹಂಗಾರ ಬರ್ಲಿ ಬಿಡು.”

ನಮ್ಮ ಮೇಲೆ ಎದುರಾಳಿಗಳು ನುಗ್ಗಿ ಬರಲಿ ಎಂದು ಹಾರೈಸುತ್ತಿದ್ದ ನಮ್ಮದೇ ಅಭಿಮಾನಿ ಇಡೀ ಲೀಗಿನಲ್ಲಿ ಅವರೊಬ್ಬರೇ ಇದ್ದಿರಬೇಕು.

ಎರಡನೆಯ ವರ್ಷದ ಕೊನೆಯ ಪಂದ್ಯ. ಸೋತರೆ ತಂಡ ಕೆಳಗಿನ ದರ್ಜೆಗೆ ಇಳಿಯುತ್ತಿತ್ತು. ಆ ಬೆಳಿಗ್ಗೆ ಅವ್ವನ ಫೋನ್ ಬಂತು. ಕಾಕಾ ತಿಂಗಳಿಂದ ಹಾಸಿಗೆ ಹಿಡಿದಿದ್ದರು, ಅವ್ವನೇ ನೋಡಿಕೊಳ್ಳುತ್ತಿದ್ದಳು. “ಗಂಜೀನೂ ಒಲ್ಲೆ ಅನ್ನಾಕತ್ತಾರ. ಮನಿಗೆ ಕರ್ಕೊಂಡು ಹೋಗ್ರಿ ಅಂದಾರ ಡಾಕ್ಟರು. ಮ್ಯಾಚ್ ಒಂದು ಹಚ್ಚಿ ಕೊಡಬೇ ಅಂತಾರ,” ಎಂದಳು.

ಅಂದು ನಮ್ಮವರು ಎಂದಿಲ್ಲದಷ್ಟು ಚೆನ್ನಾಗಿ ಆಡಿದರು. ಅದೇ ನನಗೆ ಸಂಕಟವಾಯಿತು. ಒಂದು ಗೋಲಿನ ಮುನ್ನಡೆ ಸಿಕ್ಕಿತು, ಚೆಂಡು ನನ್ನ ಕಡೆ ಬರುವ ಲಕ್ಷಣವೇ ಇರಲಿಲ್ಲ. ಕೊನೆಯ ನಿಮಿಷಗಳಲ್ಲಿ, ಎದುರಾಳಿಗಳ ತುದಿಯ ಮೂಲೆಯಿಂದ ಒದೆಯುವ ಕಾರ್ನರ್ ಕಿಕ್ ಒಂದು ನಮಗೆ ಬಂತು. ಸೋಲುತ್ತಿರುವ ತಂಡದ ಕೀಪರ್ ಬೇಕಾದರೆ ಅಂಥ ಹೊತ್ತಲ್ಲಿ ಮುಂದೆ ಓಡುತ್ತಾಳೆ, ಗೆಲ್ಲುತ್ತಿರುವವಳು ಕದಲುವುದಿಲ್ಲ. ನಾನು ಕದಲಿದೆ. ನಡುಗೆರೆ ದಾಟಿ, ಕ್ಯಾಮರಾ ನೋಡುತ್ತಿದ್ದ ಕಡೆಗೆ ಓಡಿದೆ. ಕೋಚ್ ಕಿರುಚುತ್ತಿದ್ದರು. ಎದುರಾಳಿಯೊಬ್ಬಳು ಚೆಂಡನ್ನು ನನ್ನ ತಲೆಯ ಮೇಲಿಂದ ಎತ್ತಿ ಒದ್ದಳು. ಏದುಸಿರು ಬಿಡುತ್ತ ಹಿಂದಕ್ಕೆ ಓಡಿದೆ. ಅದು ಉರುಳುತ್ತ ಹೋಗಿ ಕಂಬದಿಂದ ಒಂದು ಗೇಣು ಆಚೆ ಹೊರಗೆ ಹೋಯಿತು. ಕಾಕಾ ಮಾಡಿದ ಗೋಲಾಗಿದ್ದರೆ ಒಳಗೇ.

ನಾವು ಮೇಲಿನ ದರ್ಜೆಯಲ್ಲಿ ಉಳಿದೆವು. ಕೋಚ್ ಬೈದರು, ತಂಡದವರು ಮಾತು ಬಿಟ್ಟರು. ಯಾಕೆ ಓಡಿದೆ ಎಂದು ಹೇಳುವಷ್ಟು ಹಿಂದಿ ನನಗೆ ಬರುತ್ತಿರಲಿಲ್ಲ.

ಪಂದ್ಯದ ಮರುದಿನ ಮುಂಜಾನೆಯೇ ಕಾಕಾ ಹೋಗಿಬಿಟ್ಟಿದ್ದರು. ನಾನು ಊರು ಮುಟ್ಟಿದಾಗ ಮಣ್ಣು ಮಾಡಿ ಮುಗಿದಿತ್ತು. ಅವ್ವನನ್ನು ಒಂದೇ ಮಾತು ಕೇಳಿದೆ: “ನಾ ಮುಂದ ಓಡಿದ್ದು ನೋಡಿದ್ರೇನು?”

“ನೋಡಿದ್ರು. ಏಳಾಕ ಬರ್ತಿದ್ದಿಲ್ಲ, ಎದ್ದು ಕುಂತ್ರು. ಮಾರಿ ಹೆಂಗ ಅರಳಿತ್ತಂತಿ! ಆಮ್ಯಾಲ ಫೋನಿಗೇ ಒದರಿದ್ರು ನೋಡು.”

“ಏನಂತ?”

“‘ಬಾಗಲಾ ತೆರದಿಟ್ಟು ಎಲ್ಲಿ ಹೊಂಟಿಯವ್ವಾ’ ಅಂತ.”

ಸಂಜೆ ಶಾಲೆಯ ಮೈದಾನಕ್ಕೆ ಹೋಗಿ ಆ ಅಗಲವಾದ ಗೋಲಿನಲ್ಲಿ ನಿಂತೆ. ಯಾರೂ ಇರಲಿಲ್ಲ. ಎರಡು ಹೆಜ್ಜೆ ಮುಂದೆ ಹೋದೆ. ಮತ್ತೆರಡು ಹೆಜ್ಜೆ ಹೋಗಿ, ಕಾದೆ. ಹಿಂದಿನಿಂದ ಯಾರೂ ಕೂಗಲಿಲ್ಲ.