ಹಂಚಬೇಕಾದದ್ದು ಒಂಬತ್ತು ಸೀಟು

2017ರಲ್ಲಿ ನಾನು ಕೆನಡಾದ ವುಡ್‌ಬ್ರಿಡ್ಜ್‌ನ ಒಂದು ವೇರ್‌ಹೌಸಿನಲ್ಲಿ ಶಿಫ್ಟ್ ಸೂಪರ್‌ವೈಸರ್ ಆಗಿದ್ದೆ. ಪೆಟ್ಟಿಗೆ ಹೊರುವುದರಿಂದ ಶುರುಮಾಡಿದವನು, ಚೌಕಾಸಿ ಮಾಡದೆ ಏನನ್ನೂ ಪಡೆದವನಲ್ಲ. ಶಿಫ್ಟುಗಳನ್ನು ಚರ್ಚಿಸುವ ನೌಕರರ ಸಮಿತಿಯನ್ನೂ ಮ್ಯಾನೇಜರ್ ಜೊತೆ ಹಗ್ಗಜಗ್ಗಾಡಿ ಪಡೆದದ್ದು ನಾನೇ. ಅದರ ಚುನಾವಣೆಯ ಎಣಿಕೆಯೂ ನನ್ನ ತಲೆಗೇ ಬಂತು.

ಆ ವರ್ಷಗಳಲ್ಲಿ ಕೆನಡಾದಲ್ಲಿ ಚುನಾವಣಾ ಪದ್ಧತಿ ಬದಲಿಸುವ ಮಾತು ಜೋರಾಗಿತ್ತು. ಬಣದ ಓಟಿಗೆ ತಕ್ಕ ಪಾಲು ಕೊಡುವ ಮಿಕ್ಸ್ಡ್ ಮೆಂಬರ್ ಪ್ರೊಪೋರ್ಷನಲ್ ಎಂಬ ವಿಧಾನವನ್ನು ಆ ಚರ್ಚೆಯಿಂದಲೇ ಎತ್ತಿಕೊಂಡೆವು. ಒಟ್ಟು ಒಂಬತ್ತು ಸೀಟು. ಪ್ರತಿಯೊಬ್ಬರಿಗೂ ಎರಡು ಓಟು: ಒಂದು ತಮ್ಮ ವಿಭಾಗದ ಅಭ್ಯರ್ಥಿಗೆ, ಇನ್ನೊಂದು ಬಣಕ್ಕೆ. ಐದು ವಿಭಾಗಗಳಿಂದ ಐವರು, ಉಳಿದ ನಾಲ್ವರು ಬಣಗಳು ಕೊಟ್ಟ ಹೆಸರುಗಳ ಪಟ್ಟಿಯಿಂದ. ಬಣಗಳು ಎರಡೇ: ಪರ್ಮನೆಂಟ್ ನೌಕರರದ್ದೊಂದು, ಕಾಲೇಜಿಗೆ ಹೋಗುತ್ತ ಪಾರ್ಟ್‌ಟೈಮ್ ದುಡಿಯುವವರದ್ದೊಂದು.

ಪಾರ್ಟ್‌ಟೈಮಿನವರಿಗೆ ಬೇಕಿದ್ದದ್ದು ಪರೀಕ್ಷೆಯ ವಾರ ಶಿಫ್ಟ್ ಬದಲಿಸಿಕೊಳ್ಳುವ ಹಕ್ಕು. ಸಮಿತಿಯ ನಾಲ್ವರು ಸದಸ್ಯರ ಸಹಿ ಇದ್ದರೆ ಮಾತ್ರ ಬೇಡಿಕೆ ಮ್ಯಾನೇಜರ್ ಮುಂದೆ ಹೋಗುತ್ತಿತ್ತು. ಪಾರ್ಟ್‌ಟೈಮ್ ಬಣದ ಪಟ್ಟಿಯ ಮೊದಲ ಹೆಸರು ಧಾರವಾಡದ ಮೇಘಾಳದ್ದು. ಶಿಫ್ಟ್ ಬಿಡಲಾಗದೆ ಅವಳು ಹಿಂದಿನ ಟರ್ಮ್‌ನಲ್ಲಿ ಒಂದು ಪರೀಕ್ಷೆ ಕಳೆದುಕೊಂಡಿದ್ದಳು. ಇನ್ನೊಂದು ತಪ್ಪಿದರೆ ಕೋರ್ಸೇ ಹೋಗುತ್ತಿತ್ತು.

ಎಣಿಕೆಯ ದಿನ ಲಂಚ್‌ರೂಮಿನಲ್ಲಿ ಯಾರೂ ಕೂರಲಿಲ್ಲ. ಪಾರ್ಟ್‌ಟೈಮಿನವರು ಎಲ್ಲ ವಿಭಾಗಗಳಲ್ಲೂ ಚದುರಿದ್ದರಿಂದ ಐದಕ್ಕೆ ಐದೂ ಪರ್ಮನೆಂಟ್ ಬಣಕ್ಕೇ ಹೋದವು. ಬಣದ ಓಟು 180. ಅದರಲ್ಲಿ ಪರ್ಮನೆಂಟಿಗೆ 100, ಪಾರ್ಟ್‌ಟೈಮಿಗೆ 80. ಹೊರಗೆ ಎರಡು ಟ್ರಕ್ಕು ಕಾಯುತ್ತಿದ್ದವು. ಗಡಿಯಾರ ನೋಡುತ್ತಲೇ ಉಳಿದ ನಾಲ್ಕು ಸೀಟನ್ನು ಈ ಲೆಕ್ಕದಲ್ಲಿ ಹಂಚಿ, ತಲಾ ಎರಡು ಎಂದು ಬೋರ್ಡಿನ ಮೇಲೆ ಬರೆದುಬಿಟ್ಟೆ. ಒಟ್ಟು ಏಳು, ಎರಡು.

ಮೇಘಾ ಮುಂದೆ ಬಂದಳು. “ಸರ್, ಒಂದ್ ನಿಮಿಷ ನಿಲ್ರಿ. ಐದು ಆಗ್ಲೇ ಅವರ ಕಡೆ ಅದಾವಲ್ರಿ. ಅವನ್ನ ಲೆಕ್ಕಕ್ಕ ಹಿಡೀಲಿಲ್ಲ ಅಂದ್ರ ಎರಡನೇ ಓಟು ಯಾಕ ಹಾಕಿಸಿದ್ರಿ?”

ಪರ್ಮನೆಂಟ್ ಬಣದ ಮುಂದಾಳು ಬೆಂಗಳೂರಿನ ಮಂಜುನಾಥ, ದಿನವೂ ಬ್ರ್ಯಾಂಪ್ಟನ್‌ನಿಂದ ತನ್ನ ಕಾರಿನಲ್ಲಿ ನನ್ನನ್ನು ಕರೆತರುತ್ತಿದ್ದ ಸ್ನೇಹಿತ. “ಏನ್ ಗುರು, ಬೋರ್ಡ್ ಮೇಲೆ ಬರ್ದಾಯ್ತು, ಕ್ಲೋಸ್ ಮಾಡು. ಮ್ಯಾತ್ಸ್ ಕ್ಲಾಸ್ ನಾಳೆ ಇಟ್ಕೊ” ಎಂದು ನಕ್ಕ.

ನನಗೆ ನಗು ಬರಲಿಲ್ಲ. ಎಲ್ಲರಿಗೂ ಓದಿ ಒಪ್ಪಿಸಿದ್ದ ನಿಯಮವನ್ನು ನಾನೇ ಮುರಿದಿದ್ದೆ. ಬಣದ ಓಟಿನ ಪ್ರಕಾರ ಮೊದಲು ಒಂಬತ್ತನ್ನೂ ಹಂಚಬೇಕು. 180 ಓಟಿಗೆ ಒಂಬತ್ತು ಸೀಟು, ಅಂದರೆ ಸೀಟಿಗೆ ಇಪ್ಪತ್ತು. ಪರ್ಮನೆಂಟಿನ ಪಾಲು ಐದು, ಅಷ್ಟೂ ವಿಭಾಗಗಳಲ್ಲೇ ಸಿಕ್ಕಿವೆ. ಪಾರ್ಟ್‌ಟೈಮಿನ ಪಾಲು ನಾಲ್ಕು, ಕೈಯಲ್ಲಿ ಒಂದೂ ಇಲ್ಲ. ಆ ಕೊರತೆ ತುಂಬಲೆಂದೇ ಪಟ್ಟಿಯ ಸೀಟುಗಳಿರುವುದು.

ಬೋರ್ಡು ಒರೆಸಿದೆ. “ತಪ್ಪು ನಂದು ಮಂಜು. ನಾಲ್ಕೂ ಅವರದ್ದೇ.”

“ಹಂಗಾದ್ರೆ ನಾಳೆಯಿಂದ ಬಸ್ಸಲ್ಲೇ ಬಾ.”

ಅದು ತಮಾಷೆಯಾಗಿರಲಿಲ್ಲ. ಒಂದು ತಿಂಗಳು ಬಸ್ಸು ಬದಲಿಸಿ ಬದಲಿಸಿ ಓಡಾಡಿದೆ. ನಾಲ್ಕು ಸಹಿಯ ಬೇಡಿಕೆ ಮ್ಯಾನೇಜರ್ ಮೇಜಿಗೆ ಹೋಯಿತು. ಅವರು ಒಪ್ಪಿದ್ದು ಪರೀಕ್ಷೆಯ ದಿನಕ್ಕೆ ಮಾತ್ರ, ವಾರಪೂರ್ತಿ ಕೊಡಲಿಲ್ಲ. ಮೇಘಾಗೆ ಅಷ್ಟು ಸಾಕಾಯಿತು, ಪರೀಕ್ಷೆ ಬರೆದಳು.

ಪಾಲು ಮಾಡಲು ಕೂರುವವರಿಗೆ ನನ್ನದೊಂದು ಸಲಹೆ: ಯಾರಿಗೆ ಎಷ್ಟು ಎಂದು ವಾದಿಸುವ ಮೊದಲು, ಹಂಚುತ್ತಿರುವುದು ಏನನ್ನು ಎಂದು ಎಲ್ಲರಿಗೂ ಕಾಣುವಂತೆ ಬರೆದಿಡಿ. ಚೌಕಾಸಿಯಲ್ಲಿ ನಾನು ಸೋತದ್ದೆಲ್ಲ ಅದನ್ನು ಕೇಳದೆ. ಆ ದಿನ ಅದೇ ರೀತಿ ಇನ್ನೊಬ್ಬರನ್ನು ಸೋಲಿಸುವವನಿದ್ದೆ.