ಓತಿಕ್ಯಾತದ ತುತ್ತು

ನಾಯಿ ಸಾಕುವವರುಂಟು, ಗಿಳಿ ಸಾಕುವವರುಂಟು. ಗೌಜಲಹಕ್ಕಿಯನ್ನು ಪಂಜರದಲ್ಲಿಟ್ಟು, ಅದು ಕೂಗಿದಾಗಲೆಲ್ಲ ಮೀಸೆ ತಿರುವುವ ಶೋಕಿಲಾಲರೂ ನಮ್ಮ ತುಮಕೂರಿನಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ಓತಿಕ್ಯಾತವನ್ನು ಸಾಕುವವರನ್ನು ಉಪ್ಪಾರಹಳ್ಳಿಯ ಜನ ನೋಡಿದ್ದು ಎಂಬತ್ತನಾಲ್ಕನೇ ಇಸವಿಯಲ್ಲಿ, ಸಿದ್ದಲಕ್ಷ್ಮಮ್ಮನ ಮನೆಯಲ್ಲಿ. ಬೇಲಿಯ ಮೇಲೆ ಕಂಡರೆ ಸಾಕು, ಜನ ಕಲ್ಲೆತ್ತಿಕೊಳ್ಳುವ ಪ್ರಾಣಿ ಅದು. ತಲೆಯಾಡಿಸಿ ಅಣಕಿಸುತ್ತದೆ ಎನ್ನುವುದೇ ಅದರ ಮೇಲಿನ ದೂರು. ಅಣಕಿಸಿದ್ದಕ್ಕೆಲ್ಲ ಪ್ರಾಣ ತೆಗೆಯುವ ಹಾಗಿದ್ದರೆ ನಮ್ಮಲ್ಲಿ ಎಷ್ಟು ಜನ ಉಳಿಯುತ್ತಿದ್ದೆವೋ ಕಾಣೆ.

ಈ ಓತಿಕ್ಯಾತಕ್ಕೂ ಬೀದಿಯ ಹುಡುಗರು ಕಲ್ಲು ಬೀರಿ ಹಿಂಗಾಲು ಮುರಿದಿದ್ದರು. ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದ ಸಿದ್ದಲಕ್ಷ್ಮಮ್ಮ ಓಡಿಹೋಗಿ ಅದನ್ನು ಸೆರಗಿನಲ್ಲಿ ಹಾಕಿಕೊಂಡು ಬಂದಳು. ಗಂಡ ಅಂಜಿನಪ್ಪ ಅಕ್ಕಿ ಮಿಲ್ಲಿನಲ್ಲಿ ಚೀಲ ತೂಕ ಹಾಕುವವನು. ಮಧ್ಯಾಹ್ನ ಊಟಕ್ಕೆ ಬಂದು ನೋಡುತ್ತಾನೆ, ಕೋಳಿ ಮುಚ್ಚುವ ಮಂಕರಿಯೊಳಗೆ ಇದು ಕೂತಿದೆ.

“ಏನೇ ಇದು?”

“ಕಾಲು ಮುರ್ದೋಗೈತೆ. ವಾಸಿ ಆಗೋಗಂಟ ಇರ್ಲಿ ಬುಡಿ.”

“ಇದಕ್ಕೇನ್ ಇಕ್ತೀಯ, ಮುದ್ದೆನಾ?”

ಮಂಕರಿಯೊಳಗಿನ ಪ್ರಾಣಿ ಅಂಜಿನಪ್ಪನನ್ನು ನೋಡಿ ಮೆಲ್ಲಗೆ ತಲೆಯಾಡಿಸಿತು. ಅವನ ಮುಖದ ನಗು ಅಲ್ಲೇ ಇಂಗಿಹೋಯಿತು. ಸುಮ್ಮನೆ ಕೈ ತೊಳೆದುಕೊಂಡು ಉಣ್ಣಲು ಕೂತ.

ಆ ನಗು ಯಾಕೆ ಇಂಗಿತು ಎಂಬುದು ಊರು ಬಿಟ್ಟು ಬಂದ ಇವರಿಬ್ಬರಿಗೆ ಮಾತ್ರ ಗೊತ್ತಿತ್ತು. ಇವರದು ಗುಬ್ಬಿ ತಾಲ್ಲೂಕಿನ ಹಾಗಲವಾಡಿ. ಅಲ್ಲಿ ಇವರಿಗೆ ಒಬ್ಬಳೇ ಮಗಳಿದ್ದಳು, ಹೊನ್ನಿ. ಮಾತು ಬಲು ಕಡಿಮೆ. ಉಂಡೆಯಾ ಎಂದರೆ ತಲೆಯಾಡಿಸುವಳು, ಬರ್ತೀಯಾ ಎಂದರೆ ತಲೆಯಾಡಿಸುವಳು. ಬಾಯಲ್ಲಿ ಕಡುಬು ಇಟ್ಕಂಡಿದೀಯೇನೇ ಎಂದು ತಾಯಿ ಗದರಿದರೆ ಅದಕ್ಕೂ ತಲೆಯಾಡಿಸುವಳು. ಎಪ್ಪತ್ತೈದರಲ್ಲಿ, ಅವರೆ ಹೂ ಬಿಡುವ ಕಾಲಕ್ಕೆ, ಅವಳಿಗೆ ಕೆಮ್ಮು ಹತ್ತಿತು. ಆಗೆಲ್ಲ ಆಸ್ಪತ್ರೆಗೆ ಹೋಗುವವರು ಮನೆಯಿಂದಲೇ ಖಾಲಿ ಬಾಟಲಿ ಹಿಡಿದುಕೊಂಡು ಹೋಗಬೇಕಿತ್ತು. ಕಾಂಪೌಂಡರು ಅದಕ್ಕೇ ಕೆಂಪು ನೀರು ತುಂಬಿ ಕೊಡುತ್ತಿದ್ದ. ಅವರೆಯ ಹುಳಕ್ಕೆ ಹೊಡೆಯುವ ವಿಷವನ್ನೂ ಜನ ಒಬ್ಬರಿಂದೊಬ್ಬರು ಅಂಥದ್ದೇ ಬಾಟಲಿಯಲ್ಲಿ ಬಗ್ಗಿಸಿಕೊಂಡು ಬರುತ್ತಿದ್ದರು. ನಮ್ಮ ಬಾಯಲ್ಲಿ ಎರಡಕ್ಕೂ ಹೆಸರು ಒಂದೇ, ಔಷಧಿ. ಬದುಕಿಸುವುದೂ ಔಷಧಿ, ಕೊಲ್ಲುವುದೂ ಔಷಧಿ. ಹೀಗೆ ಕರೆಯಲು ಮೊದಲು ಮಾಡಿದ ಪುಣ್ಯಾತ್ಮ ಯಾರೋ, ಅವನ ನಾಲಿಗೆ ಸೇದಿಹೋಗ.

ಅಂಜಿನಪ್ಪ ಹೊಲಕ್ಕೆ ಹೊಡೆದು ಮಿಕ್ಕಿದ್ದನ್ನು ತಂದು ಗೋಡೆಯ ಗೂಡಿನಲ್ಲಿಟ್ಟಿದ್ದ. ಕೆಮ್ಮಿನ ಬಾಟಲಿಯೂ ಆ ಗೂಡಿನಲ್ಲೇ ಇತ್ತು. ಕಳೆ ಕೀಳಲು ಹೊರಟಿದ್ದ ಸಿದ್ದಲಕ್ಷ್ಮಮ್ಮ ಅಂಗಳದಿಂದಲೇ ಕೂಗಿ ಹೇಳಿದಳು, “ಗೂಡ್ನಾಗೆ ಔಷ್ದಿ ಐತೆ, ಕುಡ್ದು ಮಲಕ್ಕಳೇ.” ಹೊನ್ನಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ತಲೆಯಾಡಿಸಿದಳು. ಹೊತ್ತು ಇಳಿಯುವ ಮೊದಲೇ ಮಗು ಹೋಗಿಬಿಟ್ಟಿತ್ತು.

ಊರವರ ಬಾಯಿಗೆ ಒಳ್ಳೆಯ ತುತ್ತೇ ಸಿಕ್ಕಿತು. ಹೆತ್ತವಳೇ ಕುಡಿ ಅಂದಳಂತೆ. ಬಾವಿಕಟ್ಟೆಯಲ್ಲಿ ಅದೇ ಮಾತು, ಹಿಟ್ಟಿನ ಗಿರಣಿಯಲ್ಲಿ ಅದೇ ಮಾತು. ಗಂಡ ಮಾತ್ರ ಏನೂ ಅನ್ನಲಿಲ್ಲ. ಮಣ್ಣು ಮಾಡಿ ಬಂದ ದಿನ ಅವಳು ಅವನ ಮುಂದೆ ಹೋಗಿ ನಿಂತಳು. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ, ಇಲ್ಲವೇ ನಿನ್ನದೇನೂ ತಪ್ಪಿಲ್ಲ ಅನ್ನಲಿ. ಅಂಜಿನಪ್ಪ ಎದ್ದು ದನ ಕಟ್ಟಲು ಹೋದ. ಅವನಿಂದ ಒಂದು ಮಾತು ಬರುತ್ತದೆಂದು ಅವಳು ಕಾದಳು, ಕಾದೇ ಕಾದಳು. ಬರಲಿಲ್ಲ. ಹೊಲವನ್ನು ಬೇರೆಯವರಿಗೆ ಪಾಲಿಗೆ ಕೊಟ್ಟು ತುಮಕೂರಿಗೆ ಬಂದರೂ ಬರಲಿಲ್ಲ. ಮತ್ತೆ ಮಕ್ಕಳೂ ಆಗಲಿಲ್ಲ. ಅವಳು ಔಷಧಿ ಎಂಬ ಆ ಶಬ್ದವನ್ನೇ ಬಾಯಿಂದ ತೆಗೆದುಹಾಕಿದಳು. ತನಗೆ ಜ್ವರ ಬಂದರೆ ‘ಆಸ್ಪತ್ರೆ ನೀರು’ ಎನ್ನುವಳು, ಅದನ್ನೂ ಕುಡಿಯದೆ ಹಿತ್ತಲಿಗೆ ಚೆಲ್ಲುವಳು. ನಡು ಮಧ್ಯಾಹ್ನ ಒಬ್ಬಳೇ ಅಕ್ಕಿ ಆರಿಸುತ್ತಾ ಕೂತಿದ್ದರೆ ಚೌಕಟ್ಟಿಗೆ ಒರಗಿಕೊಂಡು ಯಾರೋ ನಿಂತಿದ್ದಾರೆ ಅನ್ನಿಸುತ್ತಿತ್ತು. ತಿರುಗಿ ನೋಡಿದರೆ ಬರೀ ಬಿಸಿಲು. ತಿರುಗದೆ ಇದ್ದರೆ ಬೆನ್ನ ಹಿಂದೆ ತಲೆಯಾಡುತ್ತಲೇ ಇರುವುದು ಅವಳಿಗೆ ಗೊತ್ತಾಗುತ್ತಿತ್ತು.

ಈಗ ಎದುರಿಗೇ ಒಂದು ತಲೆಯಾಡಿಸುತ್ತಿತ್ತು. ಅದು ಹೊನ್ನಿಯೇ ಎಂದು ಅವಳು ಯಾರಿಗೂ ಹೇಳಿದವಳಲ್ಲ, ಅಷ್ಟು ತಲೆ ಕೆಟ್ಟವಳೂ ಅಲ್ಲ. ಆದರೆ ಒಂದು ಹಟ ಹಿಡಿದಳು. ಈ ಕೈಯಿಂದ ತಿಂದದ್ದು ಒಂದಾದರೂ ಬದುಕಬೇಕು. ಇದು ಬದುಕಿದರೆ ತನ್ನ ಕೈ ಬರೀ ಕೊಲ್ಲುವ ಕೈಯಲ್ಲ.

ಹಟ ಹಿಡಿಯುವುದು ಸುಲಭ, ಓತಿಕ್ಯಾತಕ್ಕೆ ಉಣ್ಣಿಸುವುದು ಅಷ್ಟು ಸುಲಭವಲ್ಲ. ಸತ್ತದ್ದನ್ನು ಅದು ಕಣ್ಣೆತ್ತಿಯೂ ನೋಡದು. ಮಿಸುಕುವ ಹುಳವೇ ಬೇಕು. ಹುಳ ಎಲ್ಲಿಲ್ಲ? ಆದರೆ ಯಾವ ಹುಳ ಯಾವ ಹೊಲದಲ್ಲಿ ಏನು ತಿಂದು ಬಂದಿದೆಯೋ ಯಾರು ಬಲ್ಲರು? ಶೆಟ್ಟಿಹಳ್ಳಿ ಕಡೆಯ ತರಕಾರಿ ತೋಟಗಳಲ್ಲಿ ಕೋಸಿಗೂ ಬದನೆಗೂ ಹೊಡೆಯುತ್ತಲೇ ಇದ್ದರು. ಆ ದಿಕ್ಕಿನ ಮಿಡತೆಯನ್ನು ಅವಳು ಮುಟ್ಟುತ್ತಲೇ ಇರಲಿಲ್ಲ. ರೈಲು ಹಳಿಯ ಪಕ್ಕದ ಬೀಳಿಗೆ ಹೋಗುವಳು, ಯಾರೂ ಏನೂ ಬೆಳೆಯದ ಜಾಗ ಅದು. ಒಂದು ಸಲ ದೊಡ್ಡ ಮಿಡತೆ ಕೊಟ್ಟಾಗ ಅದು ಗಂಟಲಲ್ಲಿ ಸಿಕ್ಕಿ ಪ್ರಾಣಿ ಒದ್ದಾಡಿತು. ಅವತ್ತಿನಿಂದ ಅದರ ಎರಡು ಕಣ್ಣಿನ ನಡುವಿನ ಅಗಲಕ್ಕಿಂತ ದಪ್ಪ ಇರುವ ಹುಳ ಕೊಡುತ್ತಿರಲಿಲ್ಲ, ಮಿಡತೆಯ ಮುಳ್ಳುಗಾಲು ಮುರಿದೇ ಕೊಡುವಳು. ಕಂಬಳಿಹುಳ ಬೇಡ. ಮಿಂಚುಹುಳವಂತೂ ಬೇಡವೇ ಬೇಡ, ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ತಿರುಗುವುದನ್ನು ನಂಬುವುದು ಹೇಗೆ? ತಂದ ಹುಳವನ್ನು ಆ ದಿನವೇ ಕೊಡುತ್ತಿರಲಿಲ್ಲ. ಹಸಿ ಹುಲ್ಲು ಹಾಕಿದ ಮಡಕೆಯಲ್ಲಿ ಬಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ, ಬೆಳಗ್ಗೆ ನೋಡುವಳು. ಲವಲವಿಕೆಯಿಂದ ಎಗರುವುದು ಮಾತ್ರ ಮಂಕರಿಗೆ. ಸೊರಗಿದ್ದು ಒಂದಿದ್ದರೂ ಮಡಕೆಯ ಅಷ್ಟೂ ಹುಳ ಆಚೆಗೆ. ಅದು ಬಾಯಿ ಹಾಕಿ ನುಂಗಿ ಮುಗಿಸುವವರೆಗೆ ಅವಳು ಮಂಕರಿಯ ಪಕ್ಕದಿಂದ ಏಳುತ್ತಿರಲಿಲ್ಲ.

ಅಕ್ಕಪಕ್ಕದವರು ಆಡಿಕೊಂಡರು. ಪಕ್ಕದ ಮನೆಯ ಮಂಜುಳಮ್ಮ ಮಾತ್ರ ಆಡಿಕೊಳ್ಳದೆ ದಿನಾ ಬಂದು ನೋಡುತ್ತಿದ್ದಳು. ಬಲು ಒಳ್ಳೆಯ ಹೆಂಗಸು. ಮಳೆಗಾಲ ಕಳೆಯಿತು, ಕಾಲು ಕೂಡಿಕೊಂಡಿತು, ಓತಿಕ್ಯಾತ ಮೈತುಂಬಿಕೊಂಡು ಸಿದ್ದಲಕ್ಷ್ಮಮ್ಮನ ಬೆರಳಿಂದಲೇ ಹುಳ ಕಿತ್ತು ತಿನ್ನತೊಡಗಿತು. ಮಧ್ಯಾಹ್ನದ ಹೊತ್ತು ಚೌಕಟ್ಟಿನ ಕಡೆ ನೋಡುವುದನ್ನೂ ಅವಳು ಮರೆಯುತ್ತಿದ್ದಳು.

ಆಗ ಕುಣಿಗಲ್ಲಿನಿಂದ ಅಣ್ಣ ರೇವಣಸಿದ್ದಯ್ಯನ ಕರೆ ಬಂತು, ಮೊಮ್ಮಗುವಿನ ನಾಮಕರಣ. ಹೋಗದಿದ್ದರೆ ತವರು ಮುನಿಯುತ್ತದೆ. ಓತಿಕ್ಯಾತವನ್ನು ಮಂಜುಳಮ್ಮನಿಗೆ ಒಪ್ಪಿಸಿ, ಹುಳದ ಮಡಕೆಯನ್ನೂ ಕೊಟ್ಟು, ಹತ್ತು ಸಲ ಹೇಳಿದಳು.

“ಮಡಕೇದು ಮುಗುದ್ರೆ ಹಳಿ ತಾವ್ಲಿಂದ ತಗಂಬನ್ನಿ. ಹೊಲದ್ದು ಬ್ಯಾಡ, ತ್ವಾಟದ್ದು ಬ್ಯಾಡ.”

“ಯಾಕಕ್ಕ, ತ್ವಾಟದ್ದಕ್ಕೇನಾಗೈತೆ?”

ಯಾಕೆ ಎಂದು ಹೇಳಬೇಕಾದರೆ ಆ ಶಬ್ದ ಬಾಯಿಗೆ ಬರಬೇಕು. ಸಿದ್ದಲಕ್ಷ್ಮಮ್ಮನ ನಾಲಿಗೆ ಅಲ್ಲಿಯವರೆಗೆ ಬಂದು ನಿಂತುಬಿಟ್ಟಿತು. “ಬ್ಯಾಡ ಅಂದ್ರೆ ಬ್ಯಾಡ ಕಣ್ರೀ, ಅಷ್ಟೇಯ,” ಎಂದು ಬಸ್ಸಿಗೆ ಹೊರಟಳು.

ನಾಮಕರಣದಲ್ಲಿ ಅಣ್ಣನ ಸೊಸೆ ಕೂಸನ್ನು ತಂದು ಅವಳ ಮಡಿಲಿಗೆ ಹಾಕಿದಳು. ಎಷ್ಟೋ ವರ್ಷದ ಮೇಲೆ ಅವಳು ಕೂಸಿಗೆ ಬೆರಳಲ್ಲಿ ಜೇನು ನೆಕ್ಕಿಸಿದಳು. ಕೂಸು ಚಪ್ಪರಿಸಿತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅದನ್ನೇ ನೆನೆಸಿಕೊಂಡು ಒಬ್ಬಳೇ ನಕ್ಕಳು.

ಮನೆಗೆ ಬಂದಾಗ ಅಂಜಿನಪ್ಪ ಜಗಲಿಯ ಮೇಲೆ ತಲೆ ತಗ್ಗಿಸಿ ಕೂತಿದ್ದ. ಮಂಜುಳಮ್ಮ ಬಾಗಿಲಲ್ಲಿ ನಿಂತಿದ್ದಳು, ಅತ್ತು ಅತ್ತು ಕಣ್ಣು ಊದಿಕೊಂಡಿತ್ತು. ಮಂಕರಿಯಲ್ಲಿ ಓತಿಕ್ಯಾತ ಹೊಟ್ಟೆ ಮೇಲಾಗಿ ಸೆಟೆದುಕೊಂಡಿತ್ತು.

“ಅಕಾಲ್ದಾಗೆ ಮಳೆ ಹಿಡ್ಕಂತು ಅಕ್ಕ, ಹಳಿ ತಾವ ಹೋಗಕ್ಕಾಗ್ಲಿಲ್ಲ. ಹಸ್ಕಂಡಿರ್ತದೆ ಅಂತ ನಮ್ಮ ಅಡುಗೆಮನೇಲಿದ್ದ ಜಿರಲೆ ಮರಿ ಹಿಡ್ದು ಹಾಕ್ದೆ. ಓಡ್ಲೂ ಇಲ್ಲ, ಕೈಗೇ ಸಿಕ್ಕಿದ್ವು.”

“ಓಡ್ಲಿಲ್ವಾ?”

“ಹಿಂದಿನ ದಿನ ನಮ್ಮೆಜಮಾನ್ರು ಜಿರಲೆಗೆ ಔಷ್ದಿ ಹೊಡ್ದಿದ್ರು. ನಂಗೆ ಹೊಳೀಲೇ ಇಲ್ಲ ಕಣಕ್ಕ. ಹೊಲದ್ದು ಬ್ಯಾಡ, ತ್ವಾಟದ್ದು ಬ್ಯಾಡ ಅಂದ್ರಿ. ಮನೇದಲ್ವಾ, ಚೊಕ್ಕಟವಾಗಿರ್ತವೆ ಅನ್ಕಂಡೆ. ಔಷ್ದಿ ಹೊಡ್ದಿರೋದು ಬ್ಯಾಡ ಅಂತ ಒಂದ್ ಮಾತು ಅಂದಿದ್ರೆ...”

ಸಿದ್ದಲಕ್ಷ್ಮಮ್ಮನ ಎದೆಗೆ ಯಾರೋ ಒನಕೆಯಿಂದ ಕುಟ್ಟಿದಂತಾಯಿತು. ಅವತ್ತು ಹಾಗಲವಾಡಿಯಲ್ಲಿ ಆ ಮಾತನ್ನು ಆಡಿ ಮಗಳನ್ನು ಕಳೆದುಕೊಂಡಳು. ಇವತ್ತು ಅದೇ ಮಾತನ್ನು ಆಡದೆ ಇದನ್ನು ಕಳೆದುಕೊಂಡಳು. ಇನ್ನು ಯಾವ ಬಾಯಿಟ್ಟುಕೊಂಡು ಬದುಕುವುದು?

ಮಂಜುಳಮ್ಮ ಅಲ್ಲಿಂದ ಅಲುಗಲಿಲ್ಲ. ಬೈಯಲಿ ಎಂದೋ, ಹೋಗಲಿ ಬಿಡಿ ಎನ್ನಲಿ ಎಂದೋ, ಇವಳ ಮುಖವನ್ನೇ ನೋಡುತ್ತಾ ನಿಂತಳು. ಆ ನಿಲುವು ಸಿದ್ದಲಕ್ಷ್ಮಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಮಂಜುಳಮ್ಮ ಕೊನೆಗೆ ಸೆರಗಿನಿಂದ ಮೂಗು ಒರೆಸಿಕೊಂಡು ತಿರುಗಿದಳು. ಮೆಟ್ಟಿಲು ಇಳಿಯುತ್ತಿದ್ದವಳ ರಟ್ಟೆಯನ್ನು ಇವಳು ಹಿಡಿದೆಳೆದು ನಿಲ್ಲಿಸಿದಳು.

“ಗೊತ್ತಿದ್ರೆ ಕೊಡ್ತಿದ್ರಾ?”

“ಅಯ್ಯೋ, ಇಲ್ಲ ಕಣಕ್ಕ.”

“ಹಸ್ಕಂಡೈತೆ ಅಂತ ಕೊಟ್ರಿ. ಕೊಲ್ಲಕ್ಕೆ ಕೊಡ್ಲಿಲ್ಲ. ಅದ್ನ ತಲೆಗೆ ಹಚ್ಕಬ್ಯಾಡಿ. ಹೋಗಿ, ಮಕ ತೊಳ್ಕಂಡು ಉಣ್ಣೋಗಿ.”

ಮಂಜುಳಮ್ಮ ಅವಳ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಹೋದಳು. ಸಿದ್ದಲಕ್ಷ್ಮಮ್ಮ ಓತಿಕ್ಯಾತವನ್ನು ಹಿತ್ತಲಲ್ಲಿ ಮಣ್ಣು ಮಾಡಿ, ಸ್ನಾನ ಮಾಡಿ, ಒಲೆ ಹಚ್ಚಿದಳು. ದೀಪ ಹಚ್ಚುವ ಹೊತ್ತಿಗೆ ಗಂಡನಿಗೆ ಮುದ್ದೆ ಇಕ್ಕಿದಳು. ಅವನು ಮುದ್ದೆಯನ್ನು ಮುರಿದ, ಬಾಯಿಗಿಡಲಿಲ್ಲ.

“ಲಕ್ಷ್ಮೀ,” ಎಂದ. “ಹೊನ್ನಿ ವಿಷ್ಯದಾಗೂ ಅಷ್ಟೇ ಕಣೇ. ಗೊತ್ತಿದ್ರೆ ನೀನು ಹೇಳ್ತಿದ್ಯಾ? ಬಾಟ್ಲಿ ಅಲ್ಲಿಟ್ಟೋನು ನಾನು. ನಿಂದೇನೂ ತಪ್ಪಿಲ್ಲ.”

ಇಷ್ಟು ವರ್ಷ ಯಾವ ಮಾತಿಗಾಗಿ ಕಾದಿದ್ದಳೋ ಆ ಮಾತು ಬಂದಿತ್ತು. ಎದೆ ಹಗುರಾಗಬೇಕಿತ್ತು. ಅವಳಿಗೆ ಬಂದದ್ದು ಸಿಟ್ಟು.

“ಇಷ್ಟು ಹೇಳಕ್ಕೆ ನಿಮ್ಗೆ ಒಂದು ಓತಿಕ್ಯಾತ ಸಾಯ್ಬೇಕಾಗಿತ್ತಾ?”

ಅಂಜಿನಪ್ಪನ ಕೈ ತಟ್ಟೆಯಲ್ಲೇ ಉಳಿಯಿತು. ಅವಳು ಅವನ ಎದುರಿಗೇ ಕೂತಿದ್ದಳು, ಉತ್ತರ ಬರುವವರೆಗೂ ಏಳುವವಳ ಹಾಗೆ ಕಾಣಲಿಲ್ಲ.