ನೂಲಿನ ಗಂಟು

ಪ್ರಲ್ಹಾದ ಮಾಸ್ತರರು ಬಬಲೇಶ್ವರದ ಶಾಲೆಯಲ್ಲಿ ಸಂಸ್ಕೃತ ಕಲಿಸುತ್ತಾರೆ. ‘ಸಾಕ್ಷಾತ್ಕಾರ’ ಎಂಬ ಪದ ಬಂದರೆ ಅವರಿಗೆ ಹಬ್ಬ. “ಇದರೊಳಗ ‘ಅಕ್ಷ’ ಅದ, ಅಂದ್ರ ಕಣ್ಣು. ಕಾಣದ್ದು ಒಮ್ಮಿಗೇ ಕಣ್ಣೆದುರು ಬಂದು ನಿಲ್ಲೋದೇ ಸಾಕ್ಷಾತ್ಕಾರ!” ಎಂದು ಮೇಜು ಕುಟ್ಟುತ್ತಾರೆ.

ವಿಜಯಪುರದ ಅವರ ಮನೆಯಲ್ಲಿ ಹೆಂಡತಿ ವತ್ಸಲಾಬಾಯಿಯದು ಕಟ್ಟುನಿಟ್ಟಿನ ಮಡಿ. ಈಚೆಗಂತೂ ಅತಿಯಾಗಿತ್ತು. “ಮಡಿಯೊಳಗಿದ್ದೀನಿ, ಒಳಗ ಬರಬ್ಯಾಡ್ರಿ,” ಎಂದು ಗಂಡನನ್ನೂ ಅಡುಗೆಮನೆಯ ಹೊಸ್ತಿಲಲ್ಲೇ ತಡೆಯುತ್ತಿದ್ದಳು. ಒಮ್ಮೆ ಚಹಾಕ್ಕೆ ಉಪ್ಪು ಬಿದ್ದಿತ್ತು. ಮಾಸ್ತರರು ಲೋಟ ಕುಕ್ಕಿ, “ಕಣ್ಣ ಕಾಣಂಗಿಲ್ಲೇನ ನಿನಗ?” ಎಂದು ಒದರಿದ್ದರು. ಆಕೆ ಬೇರೆ ಚಹಾ ಮಾಡಿ ತಂದಿದ್ದಳು.

ಹೋದ ತಿಂಗಳು ಎದೆನೋವು ಬಂದು ಆಕೆ ತೀರಿಕೊಂಡಳು. ಕರ್ಮಗಳೆಲ್ಲ ಮುಗಿದ ಮೇಲೆ ಮಾಸ್ತರರು ಚಹಾ ಮಾಡಿಕೊಳ್ಳಲು ಅಡುಗೆಮನೆಗೆ ಕಾಲಿಟ್ಟರು. ಒಂದೊಂದು ಡಬ್ಬಿಗೂ ದೀಪದ ಬತ್ತಿಯ ನೂಲು ಸುತ್ತಿತ್ತು. ಸಕ್ಕರೆಗೆ ಒಂದು ಗಂಟು, ಚಹಾಪುಡಿಗೆ ಎರಡು. ಅವರು ಕಣ್ಣು ಮುಚ್ಚಿ ಮುಟ್ಟಿ ನೋಡಿದರು. ಬೆರಳಿಗೆ ಎಲ್ಲ ತಿಳಿಯಿತು. ವತ್ಸಲಾಗೆ ಕಣ್ಣು ಕಾಣುತ್ತಿರಲಿಲ್ಲ. ಮಡಿ ಬರೀ ನೆಪವಾಗಿತ್ತು.

ಸಾಕ್ಷಾತ್ಕಾರವಂತೆ!

ಉಪ್ಪಿನ ಡಬ್ಬಿಯ ನೂಲು ಮಾತ್ರ ಗಂಟಿನ ಮೇಲೆ ಗಂಟು ಬಿದ್ದು ಹುಣಸೆಬೀಜದಷ್ಟು ದಪ್ಪವಾಗಿತ್ತು. ಲೋಟ ಕುಕ್ಕಿಸಿಕೊಂಡ ಮೇಲೆ, ಮತ್ತೆಂದೂ ತಪ್ಪಬಾರದೆಂದು ಆಕೆ ಬಿಗಿದದ್ದು.